ಕಡಲಪಾಚಿಯ ಲೋಳೆ

ಹೊಳೆನರಸೀಪುರದ ಹಳೇಕೋಟೆಯಂತಹ ಬಯಲುಸೀಮೆಯ ಊರುಗಳವರು ದಾಗಡಿಬಳ್ಳಿಯನ್ನು ಬಲ್ಲರು. ಅದರ ಎಲೆಗಳನ್ನು ನೀರಿನಲ್ಲಿ ಕಿವುಚಿ ಸೋಸಿಟ್ಟರೆ, ಒಲೆಯ ಹಂಗಿಲ್ಲದೆಯೇ ಆ ನೀರು ಹಸುರು ಲೋಳೆಯಾಗಿ ಗಟ್ಟಿಕಟ್ಟುವುದು. ಕಡಲನ್ನೇ ಕಾಣದ ನಮ್ಮ ಸೀಮೆಯವರಿಗೆ ಕಡಲಪಾಚಿಯ ಮಾತೇಕೆಂದು ಕೇಳುವವರಿಗೆ ಈ ಬಳ್ಳಿಯೇ ಉತ್ತರವಾಗಿದೆ. ಇಂತಹುದೇ ಗುಣವುಳ್ಳ ವಸ್ತುವೊಂದು ಕಂದುಬಣ್ಣದ ಪಾಚಿಯಲ್ಲಿಯೂ ಅಡಗಿರುವುದು.

1881ರಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಎಂಬವರು ಇದನ್ನು ಬೇರ್ಪಡಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಇದಕ್ಕೆ ಆಲ್ಜಿನೇಟ್ ಎಂದು ಹೆಸರು. ಗೃಹಿಣಿಯರು ಬಲ್ಲ ಚೈನಾಗ್ರಾಸ್ ಕೆಂಪುಪಾಚಿಯದು, ಇದು ಬೇರೆ.

ಪಾಚಿಯ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಬಹುಮಟ್ಟಿಗೆ ಸುಣ್ಣದ ಅಂಶದೊಡನೆ ಕೂಡಿ, ನೀರಿನಲ್ಲಿ ಕರಗದಂತಿರುವುದು. ಆದುದರಿಂದ ಒಣಗಿದ ಪಾಚಿಯನ್ನು ಮೊದಲು ಸಿಹಿನೀರಿನಲ್ಲಿ ತೊಳೆದು, ತೆಳುವಾದ ಆಮ್ಲದಲ್ಲಿ ನೆನೆಯಿಟ್ಟು ಆ ಸುಣ್ಣವನ್ನು ಬಿಡಿಸುವರು. ಬಳಿಕ ಬಟ್ಟೆಯೊಗೆಯುವ ಸೋಡಾದ ಬಿಸಿನೀರಿನಲ್ಲಿ ಕುದುಗಿಸಿದರೆ, ಅದು ಸೋಡಿಯಂ ಆಲ್ಜಿನೇಟಾಗಿ ಕರಗಿ ಮಂದವಾದ ಅಂಟಾಗುವುದು. ಇದಕ್ಕೆ ನೀರು ಬೆರಸಿ ತಿಳಿಯಾಗಿಸಿ ಸೋಸಿದರೆ ನಾರೂ ಕಸವೂ ಹಿಂದುಳಿಯುವುವು. ಸೋಸಿದ ದ್ರವಕ್ಕೆ ಆಮ್ಲವನ್ನೆರೆದರೆ ಆಲ್ಜಿನಿಕ್ ಆಮ್ಲವು ಹೆಪ್ಪಾಗಿ ಬೇರ್ಪಡುವುದು. ಅದನ್ನು ತೊಳೆದು, ಹಿಂಡಿ, ಮತ್ತೆ ಸೋಡಾ ಬೆರಸಿ ಒಣಗಿಸಿ ಪುಡಿಮಾಡುವರು.

ಈ ಪುಡಿಯ ದ್ರಾವಣಕ್ಕೆ ಕ್ಯಾಲ್ಸಿಯಂ ಲವಣ ಸೇರಿದೊಡನೆ, ಕುದಿಸದೆಯೇ ಲೋಳೆಗಟ್ಟುವುದು. ಚೈನಾಗ್ರಾಸಿನ ಲೋಳೆ ಕಾಯಿಸಿದರೆ ಕರಗುವುದು, ಇದು ಕರಗದು. ಹಿರಿಯರಿಗೆ ಹಲ್ಲುಕಟ್ಟು ಮಾಡುವಾಗ ವೈದ್ಯರು ಬಾಯಿಯ ಅಚ್ಚು ತೆಗೆಯುವುದು, ಬಟ್ಟೆಗೆ ಬಣ್ಣದಚ್ಚು ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಐಸ್‌ಕ್ರೀಮನ್ನು ನಯಗೊಳಿಸುವುದು, ಇವೆಲ್ಲಕ್ಕೂ ಇದು ಒದಗುವುದು.

ನಮ್ಮ ಕಾರವಾರದ ಕಡಲಬಂಡೆಗಳ ಮೇಲೆಯೂ ಸರ್ಗಾಸಂ ಎಂಬ ಕಂದುಪಾಚಿ ಬೆಳೆಯುವುದು. ಆದರೆ ಇದನ್ನು ಹೇರಳವಾಗಿ ಕೊಯ್ದು ಕಾರ್ಖಾನೆಗಳಿಗೆ ಮಾರುತ್ತ ಬಂದವರು ತಮಿಳುನಾಡಿನ ಮನ್ನಾರ್ ಕೊಲ್ಲಿಯ ಬೆಸ್ತರು. 1954ರಲ್ಲಿ ಭಾವನಗರದಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾಲಯವು ಈ ವಿದ್ಯೆಯಲ್ಲಿ ದುಡಿದಿದೆ.

ಇಲ್ಲೊಂದು ಎಚ್ಚರಿಕೆಯ ಮಾತುಂಟು. ಪಾಚಿಯ ಪೊದೆಗಳು ಮರಿಮೀನುಗಳ ತೊಟ್ಟಿಲು. ಬಂಡೆಯನ್ನು ಹಿಡಿದ ಬುಡವನ್ನು ಉಳಿಸಿ ಮೇಲಿನದನ್ನು ಕೊಯ್ದರೆ ಪಾಚಿ ಮತ್ತೆ ಚಿಗುರುವುದು. ಬುಡಸಹಿತ ಕಿತ್ತರೆ ಬಂಡೆಯು ಬರಿದಾಗಿ, ಪಾಚಿಯನ್ನೂ ಮೀನನ್ನೂ ನಂಬಿದ ಅದೇ ಬೆಸ್ತರ ಅನ್ನಕ್ಕೆ ಕುಂದು ಬರುವುದು. ಬೇಲಿಯ ಬಳ್ಳಿಯಿಂದ ಎಲೆಯನ್ನಷ್ಟೇ ಬಿಡಿಸಿ ಬೇರನ್ನು ಉಳಿಸುವ ನಮ್ಮ ಅಜ್ಜಿಯರಿಗೆ ಈ ನೀತಿಯನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಕಡಲಿಗೂ ಅದೇ ನೀತಿ ಸಲ್ಲಬೇಕೆಂಬುದು ನಮ್ಮ ಬಿನ್ನಹ.