ಚಿತ್ತಾರದ ಕಾಗದ: ಪುಟದಲ್ಲಿ ನೆನಪು, ಮನೆಯಲ್ಲಿ ಸೊಬಗು

ತಾನು ವಾಸಿಸುವ ಎಡೆಯನ್ನು ಅಂದಗೊಳಿಸಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಸಿರಿವಂತರ ಮಹಡಿಯ ಮುಂದೆ ಹೇಗೋ ಹಾಗೆಯೇ ಬಡವರ ಗುಡಿಸಲಿನ ಮುಂದೆಯೂ ಮುಂಜಾನೆ ಸಾರಿಸಿ ಎಳೆದ ನಾಲ್ಕೆಳೆಯ ರಂಗವಲ್ಲಿ ಕಣ್ಣಿಗೆ ಬೀಳುತ್ತದೆ. ಆದರೆ ರಂಗವಲ್ಲಿಯ ಆಯುಷ್ಯ ಒಂದೇ ದಿನದ್ದು. ಗೋರಂಟಿಯ ಸೊಪ್ಪನ್ನು ಅರೆದು ಅಂಗೈಗೆ ಇಟ್ಟ ಬಣ್ಣ ಕೆಲವು ದಿನಗಳಲ್ಲಿ ಮಾಸುತ್ತದೆ. ಬಾಗಿಲಿನ ಮಾವಿನ ತೋರಣ ಒಣಗಿ ಉದುರುತ್ತದೆ. ಇವುಗಳ ಚೆಲುವನ್ನು ಬಹುಕಾಲ ಹಿಡಿದಿಡಲು ಎಲ್ಲರ ಕೈಗೂ ಎಟಕುವ ಸಾಧನ ಕಾಗದ. ಬಣ್ಣದ, ಚಿತ್ತಾರದ ಕಾಗದಗಳಿಂದ ಸಂಗ್ರಹ ಪುಸ್ತಕದ ಪುಟಗಳನ್ನೂ ಮನೆಯ ಅಲಂಕಾರಗಳನ್ನೂ ಮಾಡಿಕೊಳ್ಳುವ ಬಗೆಯನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಯರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಹಿಂದಿನವರ ಕೈಚಳಕ

ಕಾಗದವನ್ನು ಮೊದಲು ಮಾಡಿದವರು ಚೀನೀಯರು. ಕ್ರಿ. ಶ. 105ರಲ್ಲಿ ಕಾಯ್ ಲುನ್ ಎಂಬ ಅಧಿಕಾರಿ ಮರದ ತೊಗಟೆ, ಚಿಂದಿ ಬಟ್ಟೆ, ಹಳೆಯ ಬಲೆ ಮುಂತಾದವುಗಳಿಂದ ಕಾಗದವನ್ನು ತಯಾರಿಸುವ ಕ್ರಮವನ್ನು ಅರಸನಿಗೆ ಅರಿಕೆ ಮಾಡಿದನೆಂದು ಆ ದೇಶದ ಇತಿಹಾಸ ಹೇಳುತ್ತದೆ. ಬರೆಯುವುದಕ್ಕೆಂದು ಹುಟ್ಟಿದ ವಸ್ತು ಬೇಗನೆ ಅಲಂಕಾರಕ್ಕೂ ಬಂದಿತು.

ಈ ಕಲೆಯಲ್ಲಿ ಕನ್ನಡನಾಡಿನ ಪಾಲೂ ಉಂಟು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿ ಅರಸರ ಆಶ್ರಯದಲ್ಲಿದ್ದ ಕಲಾವಿದರು ‘ಅಬ್ರಿ’ ಎಂಬ ಕಾಗದವನ್ನು ಸಿದ್ಧಪಡಿಸುತ್ತಿದ್ದರು. ಅಬ್ರ ಎಂದರೆ ಪಾರಸಿಯಲ್ಲಿ ಮೋಡ. ಲೋಳೆಯಂತಹ ನೀರಿನ ಮೇಲೆ ಬಣ್ಣದ ಹನಿಗಳನ್ನು ತೇಲಿಬಿಟ್ಟು, ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು, ಮೇಲೆ ಕಾಗದವನ್ನು ಮೆಲ್ಲನೆ ಹಾಸಿ ಎತ್ತಿದರೆ ಮೋಡದಂತಹ, ಅಮೃತಶಿಲೆಯಂತಹ ವಿನ್ಯಾಸ ಕಾಗದಕ್ಕೆ ಇಳಿಯುತ್ತದೆ. ಅನೇಕ ದೇಶಗಳಲ್ಲಿ ಇದನ್ನು ಪುಸ್ತಕದ ಅಂಚಿಗೂ ರಟ್ಟಿಗೂ ಬಳಸಿದರು. ಬಿಜಾಪುರದವರಾದರೋ ಈ ವಿಧಾನದಿಂದ ಕುದುರೆ, ಸವಾರ ಮುಂತಾದ ಆಕೃತಿಗಳನ್ನೇ ಮೂಡಿಸಿದರು. ಆ ಚಿತ್ರಗಳು ಇಂದು ದೂರದೇಶದ ವಸ್ತುಸಂಗ್ರಹಾಲಯಗಳಲ್ಲಿ ಆದರದಿಂದ ಕಾಪಾಡಲ್ಪಟ್ಟಿವೆ.

ಸಂಗ್ರಹ ಪುಸ್ತಕವೂ ಹಳೆಯ ಹವ್ಯಾಸವೇ. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ಮೊದಲೇ ಅಂಟು ಬಳಿದ ಪುಟಗಳ ಪುಸ್ತಕವೊಂದನ್ನು ಯೋಚಿಸಿ 1873ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಪುಟವನ್ನು ಒದ್ದೆ ಮಾಡಿ ಚೀಟಿಯನ್ನು ಒತ್ತಿದರೆ ಸಾಕು, ಅಂಟಿಕೊಳ್ಳುತ್ತಿತ್ತು.

ಮಾದರಿಗಳಿಗೆ ದೂರ ಹೋಗಬೇಕಿಲ್ಲ

ಪೇಟೆಯಲ್ಲಿ ಅಚ್ಚಾದ ಚಿತ್ತಾರದ ಕಾಗದ ಬೇಕಾದಷ್ಟು ದೊರೆಯುತ್ತದೆ. ಆದರೆ ಗೋರಂಟ್ಲ, ಹಿಂದೂಪುರ, ಕಲ್ಯಾಣದುರ್ಗದ ಸುತ್ತಿನ ಮಕ್ಕಳಿಗೆ ಅದಕ್ಕಿಂತ ಮೇಲಾದ ಮಾದರಿಗಳು ಕೈಯಳತೆಯಲ್ಲೇ ಇವೆ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತದೇವರಾಯನ ಕಾಲದ್ದು. ಅಲ್ಲಿಯ ಶಾಸನಗಳಲ್ಲಿ ಕನ್ನಡದವೂ ಇವೆ. ಮಂಟಪದ ಮೇಲ್ಛಾವಣಿಯ ಚಿತ್ರಗಳಲ್ಲಿ ನಿಂತ ಸ್ತ್ರೀಪುರುಷರ ಉಡುಗೆಯನ್ನು ಗಮನಿಸಿರಿ: ಪಟ್ಟೆ, ಚೌಕಳಿ, ಹೂಬಳ್ಳಿ, ಹೀಗೆ ಒಬ್ಬರ ವಸ್ತ್ರದಂತೆ ಇನ್ನೊಬ್ಬರದಿಲ್ಲ. ಲತಾಮಂಟಪದ ಕಂಬಗಳ ಮೇಲಂತೂ ಬಳ್ಳಿಗಳ, ಹೂಗಳ, ಹಂಸಗಳ ವಿನ್ಯಾಸ ಕೊರೆದಿದೆ. ಸೀರೆಯ ಅಂಚಿಗೆ ಈ ಮಾದರಿಗಳನ್ನು ನೇಕಾರರು ತೆಗೆದುಕೊಂಡಿದ್ದಾರೆ. ನೀವು ಪೆನ್ಸಿಲು ಹಿಡಿದು ನೋಡಿಕೊಂಡು ಬರೆಯಿರಿ. ಕಂಬಕ್ಕೆ ಕಾಗದವನ್ನು ಒತ್ತಿ ಉಜ್ಜುವುದಾಗಲಿ, ಚಿತ್ರಗಳನ್ನು ಮುಟ್ಟುವುದಾಗಲಿ ತರವಲ್ಲ.

ಧರ್ಮಾವರದ ರೇಷ್ಮೆ ಸೀರೆಯ ಸೆರಗು ಇನ್ನೊಂದು ಮಾದರಿ. ಅದೇ ಸೀಮೆಯ ನಿಮ್ಮಲಕುಂಟದ ತೊಗಲುಗೊಂಬೆಗಳು ಮತ್ತೊಂದು. ಹದಮಾಡಿದ ತೆಳು ಚರ್ಮಕ್ಕೆ ಸಾಲಾಗಿ ಸಣ್ಣ ತೂತುಗಳನ್ನು ಹೊಡೆದು ಬಣ್ಣ ಹಾಕಿದಾಗ, ಹಿಂದಿನ ದೀಪದ ಬೆಳಕು ಆ ತೂತುಗಳ ಮೂಲಕ ಬಂದು ಒಡವೆಗಳಾಗಿ ಹೊಳೆಯುತ್ತದೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಮನೆಯೊಳಗೇ ನೋಡುವುದಾದರೆ ರಂಗವಲ್ಲಿಯ ಚುಕ್ಕಿಗಳಿವೆ, ಬಾಸಿಂಗಕ್ಕೆ ಅಂಟಿಸುವ ಬೇಗಡೆಯಿದೆ, ಹಳೆಯ ಲಗ್ನಪತ್ರಿಕೆಗಳಿವೆ.

ಕಾಗದಕ್ಕೆ ಚಿತ್ತಾರ ಬಿಡಿಸುವುದು

ಅಬ್ರಿಯ ಕೆಲಸಕ್ಕೆ ಬಹಳ ತಾಳ್ಮೆ ಬೇಕು. ಮಕ್ಕಳಿಗೆ ಅದಕ್ಕಿಂತ ಸುಲಭವಾದುದು ಗಂಜಿಯ ಚಿತ್ತಾರ. ಒಂದು ಬಟ್ಟಲು ಮೈದಾ ಹಿಟ್ಟಿಗೆ ಐದು ಬಟ್ಟಲು ನೀರು ಬೇಕು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಹಿಟ್ಟನ್ನು ಕಲಸಿ, ಉಳಿದ ನೀರನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕಾಯಿಸಬೇಕು. ಮಿಶ್ರಣ ಗಟ್ಟಿಯಾಗಿ ಹೊಳಪು ಬಂದೊಡನೆ ಇಳಿಸಿ ಆರಿಸುವುದು. ಈ ಕೆಲಸ ದೊಡ್ಡವರದು. ಆರಿದ ಗಂಜಿಯನ್ನು ಎರಡು ಮೂರು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಜಲವರ್ಣವನ್ನು ಬೆರೆಸಿರಿ. ದಪ್ಪ ಕಾಗದವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣದ ಗಂಜಿಯನ್ನು ಎಲ್ಲೆಡೆ ಸಮವಾಗಿ ಬಳಿಯಿರಿ. ಅದು ಹಸಿಯಾಗಿರುವಾಗಲೇ ಹಳೆಯ ಬಾಚಣಿಗೆಯನ್ನು ಅಲೆಅಲೆಯಾಗಿ ಎಳೆದರೆ ಸೀರೆಯ ಅಂಚಿನಂತಹ ಗೆರೆಗಳು ಮೂಡುತ್ತವೆ. ಬೆಂಡೆಕಾಯಿಯ ತುಂಡನ್ನು ಒತ್ತಿದರೆ ಐದೆಸಳಿನ ಹೂವಾಗುತ್ತದೆ. ಪೂರ್ಣ ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಇರಿಸಿ ಒಂದು ರಾತ್ರಿ ಭಾರ ಹೇರಿದರೆ ಸುಕ್ಕು ಹೋಗುತ್ತದೆ.

ಬಣ್ಣ ಬೆರೆಸದೆ ಉಳಿಸಿಕೊಂಡ ಗಂಜಿಯೇ ಅಂಟಿಸಲೂ ಸಾಕು. ಹುಳು ಬಾರದಿರಲೆಂದು ಹಿಂದೆ ಅಂಟಿಗೆ ಮೈಲುತುತ್ತವನ್ನು ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ಸಲ್ಲದು. ಬೇಕಾದಷ್ಟೇ ಗಂಜಿ ಕಾಯಿಸಿ ಎರಡು ದಿನಗಳೊಳಗೆ ಮುಗಿಸುವುದು ಲೇಸು.

ಸಂಗ್ರಹ ಪುಸ್ತಕದ ಪುಟ

ಪುಟ ಕಟ್ಟುವ ಮುನ್ನ ಒಂದು ಸಂಗತಿಯನ್ನು ತಿಳಿದಿರಬೇಕು. ವೃತ್ತಪತ್ರಿಕೆಯ ಕಾಗದ ಕೆಲವೇ ತಿಂಗಳಲ್ಲಿ ಹಳದಿಯಾಗುವುದೇಕೆ? ಮರವನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಗುಲಿದಾಗ ಅದು ಬಣ್ಣಗೆಟ್ಟು, ಹುಳಿಗುಣ ಹೆಚ್ಚಿ, ಕಾಗದ ಪುಡಿಯಾಗುತ್ತದೆ. ಒತ್ತಿನಲ್ಲಿರುವ ಭಾವಚಿತ್ರವನ್ನೂ ಕೆಡಿಸುತ್ತದೆ. ಪಾರದರ್ಶಕ ಅಂಟುಪಟ್ಟಿಯೂ ಹಾಗೆಯೇ: ಕಾಲ ಕಳೆದಂತೆ ಪಟ್ಟಿ ಕಳಚಿ, ಕಂದು ಕಲೆ ಮಾತ್ರ ನಿಲ್ಲುತ್ತದೆ. ಅಜ್ಜನ ಒಂದೇ ಒಂದು ಚಿತ್ರ ಈ ಬಗೆಯಲ್ಲಿ ಹಾಳಾದರೆ ಮತ್ತೆ ಎಲ್ಲಿಂದ ತರುವುದು? ಆದುದರಿಂದ ಮೂಲಚಿತ್ರಕ್ಕೆ ಅಂಟನ್ನು ತಾಗಿಸಲೇಬಾರದು. ಅದರ ಪ್ರತಿಯನ್ನು ತೆಗೆಸಿ ಅಂಟಿಸಿರಿ. ಇಲ್ಲವೆ ಮೂಲವನ್ನು ಮೂಲೆಜೇಬುಗಳಲ್ಲಿ ನಿಲ್ಲಿಸಿರಿ.

ಮೂಲೆಜೇಬು ಮಾಡುವುದು ಸುಲಭ. 6 ಸೆಂಟಿಮೀಟರು ಉದ್ದ, 1.5 ಸೆಂಟಿಮೀಟರು ಅಗಲದ ಬಿಳಿಯ ಕಾಗದದ ಪಟ್ಟಿಯನ್ನು ಕತ್ತರಿಸಿ, ಎರಡು ತುದಿಗಳನ್ನೂ ನಡುವಿನಿಂದ ಕೆಳಗೆ ಮಡಿಸಿರಿ. ಮೇಲ್ಗಡೆ ಮನೆಯ ಮಾಡಿನಂತಹ ತ್ರಿಕೋಣವಾಗುತ್ತದೆ. ಕೆಳಗೆ ಉಳಿದ ಬಾಲಗಳನ್ನು ಕತ್ತರಿಸಿ, ಜೋಡಣೆಯ ಮಗ್ಗುಲನ್ನು ಪುಟಕ್ಕೆ ಅಂಟಿಸಿ, ಚಿತ್ರದ ಮೂಲೆಯನ್ನು ಅದರೊಳಗೆ ತೂರಿಸಿರಿ. ಇಂತಹ ನಾಲ್ಕು ಸಾಕು.

ಪುಟವನ್ನು ತುಂಬಿಬಿಡಬೇಕೆಂಬ ಆತುರ ಬೇಡ. ಸುತ್ತ 2 ಸೆಂಟಿಮೀಟರು ಅಂಚು ಬಿಡಿ. ಚಿತ್ತಾರದ ಕಾಗದ ಒಂದೇ ಬಗೆಯದಿರಲಿ. ಅದರ ಪಕ್ಕಕ್ಕೆ ಸಾದಾ ಬಣ್ಣವಿರಲಿ. ಎರಡು ಚಿತ್ತಾರಗಳು ಅಕ್ಕಪಕ್ಕ ಬಂದರೆ ಕಣ್ಣು ಯಾವುದರಲ್ಲಿಯೂ ನಿಲ್ಲದು. ಎಲ್ಲವನ್ನೂ ಮೊದಲು ಸುಮ್ಮನೆ ಹರಡಿ ನೋಡಿ, ಆಮೇಲೆ ಅಂಟಿಸಿರಿ.

ಪುಟದಲ್ಲಿ ಏನಿರಬೇಕು? ಮೊದಲು ಮನೆಯ ಹಿರಿಯರಿಂದ ಆರಂಭಿಸಿರಿ. ಅಜ್ಜಿಯನ್ನು ಕೇಳಿ ಒಂದು ರಂಗವಲ್ಲಿಯನ್ನು ಬರೆಸಿಕೊಳ್ಳಿರಿ. ಏಳು ಚುಕ್ಕಿ, ನಾಲ್ಕರವರೆಗೆ ಸಂದುಚುಕ್ಕಿ ಎಂದರೆ 4, 5, 6, 7, 6, 5, 4, ಒಟ್ಟು 37 ಚುಕ್ಕಿಗಳು. ಎಳೆಯನ್ನು ಅಜ್ಜಿಯ ಕೈಯಿಂದಲೇ ಎಳೆಸಿ, ಕೆಳಗೆ ಆ ರಂಗವಲ್ಲಿಯ ಹೆಸರು, ಯಾವ ಹಬ್ಬಕ್ಕೆ ಇಡುವರು, ಯಾರಿಂದ ಕಲಿತರು, ಬರೆದ ದಿನ ಯಾವುದು ಎಂಬುದನ್ನು ಕನ್ನಡದಲ್ಲಿ ಬರೆಯಿರಿ. ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ತೆಲುಗನ್ನು ಆಡುವ ಸೀಮೆಯಲ್ಲಿ, ಮನೆಯೊಳಗಿನ ಎಷ್ಟೋ ಕನ್ನಡ ಮಾತುಗಳು ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿರುತ್ತವೆ. ಎರಡು ಭಾಷೆಗಳನ್ನು ಬಲ್ಲುದು ನಮ್ಮ ಮಕ್ಕಳ ಭಾಗ್ಯ. ಆದರೆ ಬರೆದಿಡದ ಹೆಸರು ಹಿರಿಯರೊಡನೆ ಹೊರಟುಹೋಗುತ್ತದೆ. ಮೊಬೈಲಿನಲ್ಲಿ ಸಾವಿರ ಚಿತ್ರಗಳಿದ್ದರೂ ಯಂತ್ರ ಕೆಟ್ಟ ದಿನ ಅವುಗಳಲ್ಲಿ ಎಷ್ಟು ಉಳಿಯುವುವು ಎಂಬುದನ್ನು ಪಾಲಕರು ಯೋಚಿಸಲಿ.

ಮನೆಗೆ ಅಲಂಕಾರ

ತೋರಣ: 15 ಸೆಂಟಿಮೀಟರು ಉದ್ದ, 5 ಸೆಂಟಿಮೀಟರು ಅಗಲದ ಹಸುರು ಕಾಗದವನ್ನು ಉದ್ದಕ್ಕೆ ಮಡಿಸಿ, ಅರ್ಧ ಎಲೆಯ ಆಕಾರದಲ್ಲಿ ಕತ್ತರಿಸಿ ಬಿಚ್ಚಿದರೆ ನಡುನರವಿರುವ ಮಾವಿನೆಲೆ ಸಿದ್ಧ. ಎಲೆಯಿಂದೆಲೆಗೆ 1 ಸೆಂಟಿಮೀಟರು ಬಿಟ್ಟು ದಾರಕ್ಕೆ ಅಂಟಿಸಿದರೆ 90 ಸೆಂಟಿಮೀಟರಿನ ಬಾಗಿಲಿಗೆ 15 ಎಲೆಗಳು ಬೇಕಾಗುತ್ತವೆ.

ಗೋಡೆಯ ಹೂ: ಚೌಕಾಕಾರದ ಕಾಗದವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಕೊನೆಗೆ ಮಧ್ಯಬಿಂದುವಿನಿಂದ ಕರ್ಣದ ಮೇಲೆ ಮಡಿಸಿದರೆ ಎಂಟು ಪದರಗಳಾಗುತ್ತವೆ. ಅಂಚಿನಲ್ಲಿ ಒಮ್ಮೆ ಕತ್ತರಿಸಿದುದು ಬಿಚ್ಚಿದಾಗ ಎಲ್ಲ ಎಂಟು ಭಾಗಗಳಲ್ಲಿಯೂ ಮೂಡುತ್ತದೆ. ರೇಖಾಗಣಿತದಲ್ಲಿ ಓದುವ ಸಮಮಿತಿ ಎಂದರೆ ಇದೇ. ನವರಾತ್ರಿಯ ಗೊಂಬೆಗಳ ಹಿಂದಿನ ತೆರೆಗೆ ಇವು ಬಹಳ ಒಪ್ಪುತ್ತವೆ.

ಆಕಾಶಬುಟ್ಟಿ: ತೊಗಲುಗೊಂಬೆಯ ಮಾದರಿಯನ್ನು ಇಲ್ಲಿ ಅನುಸರಿಸಬಹುದು. ದಪ್ಪ ಕಾಗದಕ್ಕೆ ದಬ್ಬಳದಿಂದ ಬಳ್ಳಿಯ ಆಕಾರದಲ್ಲಿ ತೂತುಗಳನ್ನು ಹೊಡೆದು, ಹಿಂಬದಿಗೆ ತೆಳುವಾದ ಬಣ್ಣದ ಕಾಗದವನ್ನು ಅಂಟಿಸಿ, ಕೊಳವೆಯಂತೆ ಸುತ್ತಿರಿ. ಒಳಗೆ ಬಿಸಿಯಾಗದ ಸಣ್ಣ ಎಲ್‌ಇಡಿ ದೀಪವನ್ನು ಮಾತ್ರ ಇಡತಕ್ಕದ್ದು. ಎಣ್ಣೆಯ ಹಣತೆ, ಮೇಣದ ಬತ್ತಿ ಇವು ಕಾಗದದ ಹತ್ತಿರಕ್ಕೂ ಬರಬಾರದು. ದೀಪಾವಳಿಯ ಸಂಭ್ರಮದಲ್ಲಿ ಈ ಎಚ್ಚರಿಕೆಯನ್ನು ಮರೆತರೆ ಮನೆಗೆ ಕೇಡು.

ಪಾಲಕರಲ್ಲಿ ವಿನಂತಿ

ಇದೆಲ್ಲ ಮಕ್ಕಳ ಆಟ, ಓದಿಗೆ ಅಡ್ಡಿ ಎಂದು ಕೆಲವರು ಭಾವಿಸಬಹುದು. ಅಳೆಯುವುದು, ಮಡಿಸುವುದು, ಎಣಿಸುವುದು, ಒಣಗುವವರೆಗೆ ಕಾಯುವುದು, ಕಂಡುದನ್ನು ನಾಲ್ಕು ಶುದ್ಧ ವಾಕ್ಯಗಳಲ್ಲಿ ಬರೆಯುವುದು, ಇವು ಓದಿನ ಅಂಗಗಳೇ ಅಲ್ಲವೇ? ಖರ್ಚೂ ಹೆಚ್ಚಲ್ಲ; ಲಗ್ನಪತ್ರಿಕೆ, ಉಡುಗೊರೆಗೆ ಸುತ್ತಿದ ಹಾಳೆ, ಮುಗಿದ ಕ್ಯಾಲೆಂಡರು ಇವೇ ಸಾಕು. ವಾರಕ್ಕೊಂದು ಸಂಜೆ ಮಕ್ಕಳೊಡನೆ ಕುಳಿತು, ನೀವು ಬಲ್ಲ ಹೆಸರುಗಳನ್ನು, ನಿಮ್ಮ ಹಿರಿಯರ ಸಂಗತಿಗಳನ್ನು ಹೇಳಿರಿ; ಅವರು ಬರೆದುಕೊಳ್ಳಲಿ.

ವಿದ್ಯಾರ್ಥಿಮಿತ್ರರೇ, ತಿಂಗಳಿಗೆ ಒಂದೇ ಪುಟ ಮಾಡಿದರೂ ಐದನೆಯ ತರಗತಿಯಿಂದ ಹತ್ತನೆಯದು ಮುಗಿಯುವಷ್ಟರಲ್ಲಿ 72 ಪುಟಗಳ ಪುಸ್ತಕವೊಂದು ನಿಮ್ಮದಾಗುತ್ತದೆ. ಅಂತಹ ಪುಸ್ತಕ ಯಾವ ಅಂಗಡಿಯಲ್ಲಿಯೂ ದೊರೆಯದು. ಮೊದಲ ಪುಟವನ್ನು ಈ ವಾರವೇ ಆರಂಭಿಸಿರಿ.