ಕಾರಿನೊಳಗಣ ಕಾವಲುಗಾರರು

ಸಾಗರದಿಂದ ಜೋಗಕ್ಕೆ, ಹೊಸನಗರದಿಂದ ಹುಲಿಕಲ್ ಘಟ್ಟಕ್ಕೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಗಳು ನೋಟಕ್ಕೆ ಎಷ್ಟು ರಮ್ಯವೋ ಚಾಲಕನಿಗೆ ಅಷ್ಟೇ ಕಠಿನ. ಮಳೆಗಾಲದಲ್ಲಿ ರಸ್ತೆ ಜಾರುತ್ತದೆ. ಮಂಜು ಕವಿದರೆ ಮುಂದಣ ತಿರುವೇ ಕಾಣದು. ಇಂಥಲ್ಲಿ ಸಾಗುವ ಇಂದಿನ ಕಾರಿನಲ್ಲಿ ನಮ್ಮನ್ನು ಕಾಯುವ ಸಾಧನಗಳು ಹಲವುಂಟು. ಅವು ಒಂದಕ್ಕೊಂದು ಹೆಗಲು ಕೊಟ್ಟು ದುಡಿಯುವ ಬಗೆಯನ್ನು ನೋಡೋಣ.

ಮೊದಲು ಅಪಾಯದ ಅಳತೆ. ಗಂಟೆಗೆ 54 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 15 ಮೀಟರು. ಹನ್ನೊಂದೂವರೆ ಮೀಟರು ಎತ್ತರದ ಅಡಕೆಯ ಮರದ ತುದಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆದಿರುವ ವೇಗವೂ ಸುಮಾರು ಇಷ್ಟೇ. ಕೊನೆ ಕೊಯ್ಯುವವನ ಕಾಲು ಜಾರಿದರೆ ಏನಾದೀತೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಮೊದಲ ಕಾವಲು ಅಪಘಾತವನ್ನೇ ತಪ್ಪಿಸುವುದು. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ ಚಕ್ರಗಳು ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಜಾರುವ ಚಕ್ರ ಸ್ಟೀರಿಂಗಿನ ಮಾತನ್ನು ಕೇಳದು. ಎ.ಬಿ.ಎಸ್. ಎಂಬ ಏರ್ಪಾಡು ಇದನ್ನು ಅರಿತು, ಸೆಕೆಂಡಿಗೆ ಹಲವು ಬಾರಿ ಬ್ರೇಕಿನ ಒತ್ತಡವನ್ನು ಸಡಿಲಿಸಿ ಬಿಗಿಯುತ್ತದೆ. 1978ರಲ್ಲಿ ಕಾರುಗಳಿಗೆ ಬಂದ ಈ ವಿದ್ಯುನ್ಮಾನ ಸಾಧನದ ಮೇಲೆಯೇ 1995ರಲ್ಲಿ ಸ್ಥಿರತಾ ನಿಯಂತ್ರಣವೂ ಬೆಳೆಯಿತು. ತಿರುವಿನಲ್ಲಿ ಕಾರು ಅಡ್ಡ ತಿರುಗತೊಡಗಿದರೆ, ಅದು ತಕ್ಕ ಚಕ್ರವೊಂದಕ್ಕೆ ಮಾತ್ರ ಬ್ರೇಕು ಹಾಕಿ ದಾರಿಗೆ ತರುತ್ತದೆ.

ಡಿಕ್ಕಿ ತಪ್ಪದೆ ಹೋದರೆ? ಆಗ ಎರಡನೆಯ ಸಾಲಿನ ಕಾವಲುಗಾರರು ಎದ್ದುನಿಲ್ಲುತ್ತಾರೆ. ಕಾರಿನ ಮೂತಿ ತಾನೇ ನುಗ್ಗಾಗಿ ಶಕ್ತಿಯನ್ನು ಹೀರಬೇಕು, ಜನರು ಕುಳಿತ ಗೂಡು ಗಟ್ಟಿಯಾಗಿ ಉಳಿಯಬೇಕು ಎಂಬ ತತ್ತ್ವವನ್ನು ಬೇಲಾ ಬಾರೆನ್ಯಿ ಎಂಬ ಇಂಜಿನಿಯರು 1950ರ ದಶಕದ ಆರಂಭದಲ್ಲಿ ರೂಪಿಸಿದರು. ಆದರೆ ಕಾರು ನಿಂತರೂ ಜಡತ್ವದಿಂದಾಗಿ ನಮ್ಮ ದೇಹ ಮುಂದಕ್ಕೇ ಸಾಗುತ್ತದೆ. ಅದನ್ನು ಕಾರಿಗೆ ಬಿಗಿಯುವುದೇ 1959ರಲ್ಲಿ ನಿಲ್ಸ್ ಬೋಲಿನ್ ವೋಲ್ವೋ ಕಾರಿಗೆ ಅಳವಡಿಸಿದ ಮೂರು ಬಿಂದುಗಳ ಬೆಲ್ಟು. ಬೆಲ್ಟು ಕಟ್ಟಿದವನು, ಮೂತಿ ನುಗ್ಗಾಗುವಷ್ಟು ಹೊತ್ತು, ಮುಕ್ಕಾಲು ಮೀಟರಿನಷ್ಟು ದೂರದಲ್ಲಿ ನಿಧಾನವಾಗಿ ನಿಲ್ಲುತ್ತಾನೆನ್ನೋಣ: ಅವನ ಮೇಲೆ ಬೀಳುವ ಬಲ ಅವನ ತೂಕದ ಸುಮಾರು 15 ಪಟ್ಟು. ಕಟ್ಟದವನು ಮುಂದಣ ಹಲಗೆಗೆ ಬಡಿದು ಏಳೂವರೆ ಸೆಂಟಿಮೀಟರಿನಲ್ಲಿ ನಿಂತರೆ ಅದು 150 ಪಟ್ಟು!

ಇನ್ನು ಗಾಳಿಚೀಲ. ಡಿಕ್ಕಿಯನ್ನು ಅರಿತೊಡನೆ ಅನಿಲ ನುಗ್ಗಿ, ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂವತ್ತು ಭಾಗದಷ್ಟರಲ್ಲಿ, ಕಣ್ಣು ಮಿಟುಕಿಸುವುದರೊಳಗೇ ಅದು ಉಬ್ಬುತ್ತದೆ. ಅಷ್ಟರಲ್ಲಿ ಬೆಲ್ಟಿನ ಸೆಳೆಗ ಸಡಿಲವನ್ನು ಎಳೆದು ದೇಹವನ್ನು ಆಸನಕ್ಕೆ ಒತ್ತಿರಬೇಕು. ಬೆಲ್ಟಿಲ್ಲದವನ ತಲೆ ಚೀಲ ಉಬ್ಬುತ್ತಿರುವಾಗಲೇ ಅದರ ಬಳಿ ತಲುಪಿದರೆ, ಕಾಯಬೇಕಾದ ಚೀಲವೇ ಹೊಡೆಯುತ್ತದೆ. ಕಾವಲುಗಾರರ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿದವೂ ದುರ್ಬಲ.

ಮಗುವನ್ನು ಮಡಿಲಲ್ಲಿ ಹಿಡಿದು ಮುಂದಿನ ಆಸನದಲ್ಲಿ ಕೂರುವ ರೂಢಿ ನಮ್ಮಲ್ಲುಂಟು. ಹತ್ತು ಕಿಲೋಗ್ರಾಂ ತೂಗುವ ಕೂಸು ಆ ಕ್ಷಣದಲ್ಲಿ ನೂರೈವತ್ತು ಕಿಲೋಗ್ರಾಂ ಭಾರದಂತೆ ಮುಂದಕ್ಕೆಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ಕೂಸಿನ ಸ್ಥಾನ ಹಿಂದಿನ ಆಸನದಲ್ಲಿ, ಅದಕ್ಕೆಂದೇ ಮಾಡಿದ ಪೀಠದಲ್ಲಿ. ಹಿಂದೆ ಕುಳಿತ ದೊಡ್ಡವರಿಗೂ ಬೆಲ್ಟು ಬೇಕು. ಇಲ್ಲವಾದರೆ ಅವರೇ ಮುಂದಿನವರ ಬೆನ್ನಿಗೆ ಬಂದೆರಗುತ್ತಾರೆ. ಎಚ್ಚರಿಕೆಯ ಸದ್ದನ್ನು ಅಡಗಿಸಲು ಬರಿಯ ಕೊಕ್ಕೆಯನ್ನು ಸಿಕ್ಕಿಸುವವರು, ತಮ್ಮ ಕಾವಲುಗಾರರಲ್ಲಿ ಮುಖ್ಯನಾದವನನ್ನೇ ಮನೆಗೆ ಕಳುಹಿಸಿದಂತೆ.