‘ಏನೂ ಮಾಡಲ್ಲ ಬನ್ನಿ ಆಂಟಿ!’

ಲಿಫ್ಟಿನ ಬಾಗಿಲು ತೆರೆಯಿತು. ಒಳಗೊಬ್ಬ ಹುಡುಗ, ಪಕ್ಕದಲ್ಲಿ ಕರುವಿನಂಥ ರಾಟ್‌ವೀಲರ್. ಬೆಲ್ಟಿನ ತುದಿ ಅವನ ಎರಡು ಬೆರಳಲ್ಲಿ ನೇತಾಡುತ್ತಿತ್ತು, ಇನ್ನೊಂದು ಕೈಯಲ್ಲಿ ಮೊಬೈಲು. ‘ಏನೂ ಮಾಡಲ್ಲ ಬನ್ನಿ ಆಂಟಿ’ ಅಂದ. ನಾನು ಮೊಮ್ಮಗಳನ್ನು ಎತ್ತಿಕೊಂಡು ನಾಲ್ಕು ಮಹಡಿ ಮೆಟ್ಟಿಲು ಹತ್ತಿದೆ.

ಅತಿಯಾಯಿತು ಅನ್ನಬೇಡಿ. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಮಹಿಳೆಯೊಬ್ಬರು ಸ್ವಂತ ಮನೆಯ ಪಿಟ್‌ಬುಲ್ ಕಚ್ಚಿ ತೀರಿಕೊಂಡರು. 2024ರ ಮೇನಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಎರಡು ರಾಟ್‌ವೀಲರ್‌ಗಳು ಅಲ್ಲಿನ ಕಾವಲುಗಾರರ 5 ವರ್ಷದ ಮಗಳ ಮೇಲೆ ಎರಗಿದವು.

ಹಾಗಾದರೆ ಇಂಥ ತಳಿಗಳನ್ನೇ ನಿಷೇಧಿಸಿಬಿಟ್ಟರೆ? ಕೇಂದ್ರ ಸರ್ಕಾರ ಮಾಡಹೊರಟಿದ್ದೂ ಅದನ್ನೇ. 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರ ಬರೆದು, ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟಕ್ಕೆ, ಸಾಕಣೆಗೆ ಪರವಾನಗಿ ಕೊಡಬೇಡಿ, ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂದಿತು. ಒಂದು ತಿಂಗಳೂ ಆಗಲಿಲ್ಲ, ನಮ್ಮ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಸರಿಯಲ್ಲ, ಬೇಕಿದ್ದರೆ ಎಲ್ಲರ ಮಾತು ಕೇಳಿ ಹೊಸದಾಗಿ ಮಾಡಿ ಎಂದಿತು.

ಬ್ರಿಟನ್ನಿನವರು 1991ರಲ್ಲೇ ಕಾನೂನು ತಂದು ನಾಲ್ಕು ತಳಿ ನಿಷೇಧಿಸಿದ್ದರು. ಆಮೇಲೆ ಅಲ್ಲಿಗೆ ಬಂತು ನೋಡಿ, ಎಕ್ಸ್‌ಎಲ್ ಬುಲ್ಲಿ. ಅದರ ಹೆಸರು ಪಟ್ಟಿಯಲ್ಲಿರಲಿಲ್ಲ! ಸಾವುಗಳಾದ ಮೇಲೆ ಅದನ್ನೂ ಸೇರಿಸಬೇಕಾಯಿತು. 2024ರ ಫೆಬ್ರುವರಿ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ವಿನಾಯಿತಿ ಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಪತ್ರ ಬೇಕಾದರೆ ಸಂತಾನಹರಣ, ಮೈಕ್ರೋಚಿಪ್, ವಿಮೆ ಎಲ್ಲ ಆಗಬೇಕು. ಹೊರಗೆ ಹೋಗುವಾಗ ಬಾಯಿಕುಕ್ಕೆ, ಬೆಲ್ಟು ಕಡ್ಡಾಯ.

ಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲದ್ದಕ್ಕೆ ಇನ್ನೊಂದು ಕಾರಣ ನಮ್ಮ ಚಿನ್ನಿ. ಬಿಳೀ ಪಾಮೇರಿಯನ್, ಯಾವ ದೇಶದ ಪಟ್ಟಿಗೂ ಸೇರದ ಜೀವ. ಒಂದು ದಿನ ಗೇಟಿನ ಚಿಲಕ ಹಾಕಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಹೊರಗೇ ನಿಂತು, ‘ನಾಯಿ ಕಟ್ಟಿಹಾಕಿ ಅಮ್ಮಾ’ ಅಂದ. ನಾನು ಅಡುಗೆಮನೆಯಿಂದಲೇ ಕೂಗಿದೆ, ‘ಏನೂ ಮಾಡಲ್ಲ ಬಾಪ್ಪಾ!’ ಮೀನಖಂಡಕ್ಕೇ ಬಾಯಿ ಹಾಕಿತ್ತು. ನಲ್ಲಿ ಕೆಳಗೆ ಕಾಲಿಡಿಸಿ ಸೋಪು ಹಾಕಿ ತೊಳೆದೆವು. (15 ನಿಮಿಷ ತೊಳೆಯಬೇಕು, ಅರಿಶಿನ, ಸುಣ್ಣ ಹಚ್ಚಬಾರದು.) ಐದು ಇಂಜೆಕ್ಷನ್ನಿಗೂ ದುಡ್ಡು ಕೊಟ್ಟೆವು. ಆದರೆ ಐದು ಸಲ ಆಸ್ಪತ್ರೆಗೆ ಓಡಾಡಿ ಅವನು ಕಳಕೊಂಡ ದಿನಗೂಲಿ? ಅದನ್ನು ಕೇಳಬೇಕೆಂದು ನನಗೆ ಆಗ ಹೊಳೆಯಲೇ ಇಲ್ಲ. ಅವನೂ ಬಾಯಿಬಿಟ್ಟು ಕೇಳಲಿಲ್ಲ.

ಕಾನೂನು ಮಾತ್ರ ಚಿನ್ನಿಗೂ ರಾಟ್‌ವೀಲರ್‌ಗೂ ಒಂದೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ಐಪಿಸಿಯಲ್ಲಿ ದಂಡ 1,000 ರೂಪಾಯಿ ಇತ್ತು. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಲೇಬೇಡಿ ಅನ್ನುವ ಹಾಗಿಲ್ಲ, ಆದರೆ ಬೆಲ್ಟು ಹಾಕಿ ಹಿಡಿದುಕೊಳ್ಳಿ ಅಂತ ಧಾರಾಳವಾಗಿ ಕೇಳಬಹುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ ಹಾಕಿಸುವುದು, ಬೆಂಗಳೂರಿನಂಥ ಊರಲ್ಲಿ ಪಾಲಿಕೆಯ ಲೈಸೆನ್ಸ್ ಮಾಡಿಸುವುದು ಸಾಕಿದವರ ಕೆಲಸ. ಇನ್ನು ದೊಡ್ಡ ನಾಯಿಯನ್ನು ತಂದು ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿಹಾಕುವವರಿಗೆ ಏನು ಹೇಳಲಿ? ಓಡಾಟವಿಲ್ಲದೆ ಅದಕ್ಕೂ ತಲೆ ಕೆಡುತ್ತೆ.

ಮೊನ್ನೆ ಆ ಹುಡುಗನ ತಾಯಿ ಕೆಳಗೆ ತರಕಾರಿ ಗಾಡಿ ಹತ್ತಿರ ಸಿಕ್ಕರು. ಮೆಲ್ಲಗೆ ಕೇಳಿದೆ, ‘ಲೈಸೆನ್ಸ್ ಮಾಡಿಸಿದ್ದೀರಾ?’

‘ಯಾರಿಗೆ, ಮಗನಿಗಾ? ಅವನಿಗಿನ್ನೂ ಹದಿನಾರು ಆಂಟಿ’ ಅಂದರು.